3 ಕೆಜಿ ದ್ರಾಕ್ಷಿಯ ವೈನ್‌ಗೆ ಯಾವ ಪಾತ್ರೆ? ಜಾಡಿ, ಗಾಜು, ನೀರಿನ ಕ್ಯಾನ್, ಸ್ಟೀಲ್

ಬಳ್ಳಿಮನೆ:
ಎಲ್ಲರಿಗೂ ನಮಸ್ಕಾರ. ಕ್ರಿಸ್‌ಮಸ್ ಹೊತ್ತಿಗೆ ಸಣ್ಣ ಪ್ರಮಾಣದಲ್ಲಿ ವೈನ್ ಮಾಡಬೇಕೆಂದಿದೆ. ಬೆಂಗಳೂರು ಬ್ಲೂ ದ್ರಾಕ್ಷಿ 3 ಕೆಜಿ, ಸಕ್ಕರೆ 1 ಕೆಜಿ, ಕಾಯಿಸಿ ಆರಿಸಿದ ನೀರು 3 ಲೀಟರ್, ಪ್ಯಾಕೆಟ್ ಯೀಸ್ಟ್. ಮನೆಯಲ್ಲಿ ಇರುವ ಪಾತ್ರೆಗಳು ಇವು: 10 ಲೀಟರಿನ ಪಿಂಗಾಣಿ ಜಾಡಿ, 20 ಲೀಟರಿನ ಕುಡಿಯುವ ನೀರಿನ ಕ್ಯಾನ್, ಅಕ್ಕಿ ತುಂಬುವ ಸ್ಟೀಲ್ ಡಬ್ಬ, 5 ಲೀಟರಿನ ಎರಡು ಗಾಜಿನ ಬಾಟಲಿ (ಕತ್ತು ಕಿರಿದು, ತಿರುಗಿಸುವ ಮುಚ್ಚಳ). ಇವುಗಳಲ್ಲಿ ಯಾವುದು ಸರಿ? ಅಥವಾ ಹೊಸದೇ ಕೊಳ್ಳಬೇಕೇ?

ಹುಳಿಮಾಪಕ:
ಹೊಸದು ಬೇಡ, ಇರುವುದರಲ್ಲೇ ಆಗುತ್ತದೆ. ಆದರೆ ಒಂದೇ ಪಾತ್ರೆ ಸಾಲದು, ಎರಡು ಬೇಕು. ಮೊದಲ ವಾರ ಸಿಪ್ಪೆ, ಬೀಜ, ನೊರೆ ಎಲ್ಲ ಇರುತ್ತದೆ. ಕೈಯಾಡಿಸಲು ಅಗಲ ಬಾಯಿ ಬೇಕು, ಉಕ್ಕಲು ಮೇಲೆ ಜಾಗ ಬೇಕು. ಸೋಸಿದ ಮೇಲೆ ಬೇಕಾಗುವುದು ಇದಕ್ಕೆ ತದ್ವಿರುದ್ಧ: ಕಿರಿದಾದ ಕತ್ತು, ಕತ್ತಿನವರೆಗೂ ತುಂಬಿದ ರಸ, ಗಾಳಿಗೆ ಎಡೆಯೇ ಇಲ್ಲ. ಮನೆ ವೈನ್ ಹುಳಿಯಾಗಿ ವಿನೆಗರ್ ವಾಸನೆ ಹೊಡೆಯುವುದು ಹೆಚ್ಚಾಗಿ ಈ ಎರಡನ್ನೂ ಒಂದೇ ಜಾಡಿಯಲ್ಲಿ ಮುಗಿಸಲು ಹೋದಾಗ.

ಅಳತೆ ಲೆಕ್ಕ ಹಾಕೋಣ. ಕಿವುಚಿದ 3 ಕೆಜಿ ದ್ರಾಕ್ಷಿ ಸುಮಾರು 2.8 ಲೀಟರ್ ಜಾಗ ಹಿಡಿಯುತ್ತದೆ. 1 ಕೆಜಿ ಸಕ್ಕರೆ ಕರಗಿದರೆ 0.62 ಲೀಟರ್. ನೀರು 3. ಒಟ್ಟು 6.4 ಲೀಟರ್. ಮೇಲೆ ಮೂರನೇ ಒಂದು ಭಾಗ ಖಾಲಿ ಇರಬೇಕು ಅಂದರೆ 9.6 ಲೀಟರಿನ ಪಾತ್ರೆ. ನಿಮ್ಮ 10 ಲೀಟರ್ ಜಾಡಿ ಸರಿಯಾಗಿ ಹೊಂದುತ್ತದೆ. ಹಿಂಡಿ ಸೋಸಿ, ತಳದ ಗಷ್ಟು ಬಿಟ್ಟ ಮೇಲೆ 5.2 ಲೀಟರಿನಷ್ಟು ಉಳಿಯುತ್ತದೆ. ಒಂದು 5 ಲೀಟರ್ ಬಾಟಲಿ ಕತ್ತಿನವರೆಗೆ ತುಂಬಿ, ಮಿಕ್ಕಿದ್ದನ್ನು ಚಿಕ್ಕ ಬಾಟಲಿಯಲ್ಲಿ ಫ್ರಿಜ್ಜಿನಲ್ಲಿಡಿ. ಮುಂದೆ ಗಷ್ಟು ತೆಗೆದು ಬಗ್ಗಿಸಿದಾಗ ಕಡಿಮೆಯಾಗುವ ಮಟ್ಟವನ್ನು ಅದರಿಂದಲೇ ತುಂಬಿಸಬಹುದು.

ಭರಣಿ_ಕುಡ್ಲ:
ನಮ್ಮ ಕಡೆ ಭರಣಿ ಬಿಟ್ಟು ಬೇರೆ ಯೋಚನೆಯೇ ಇಲ್ಲ. ಬಾಯಿಗೆ ತೆಳು ಬಟ್ಟೆ ಕಟ್ಟಿ 21 ದಿನ ಇಡುವುದು, ದಿನಾ ಮರದ ಸೌಟಿನಲ್ಲಿ ತಿರುಗಿಸುವುದು. ಎಷ್ಟೋ ಮನೆಗಳಲ್ಲಿ ಇದೇ ಕ್ರಮ, ವೈನ್ ಚೆನ್ನಾಗಿಯೇ ಬರುತ್ತದೆ. ಹಾಗಿರುವಾಗ ಈ ಎರಡು ಪಾತ್ರೆಯ ಉಪದ್ವ್ಯಾಪ ಯಾಕೆ ಮಾರಾಯ್ರೆ?

ಹುಳಿಮಾಪಕ:
ಭರಣಿ_ಕುಡ್ಲ ಅವರೇ, 21 ದಿನದ ಕ್ರಮ ನಿಲ್ಲುವುದು ಸಕ್ಕರೆಯ ಬಲದ ಮೇಲೆ. ದ್ರಾಕ್ಷಿಯಷ್ಟೇ ತೂಕದ ಸಕ್ಕರೆ ಹಾಕಿದರೆ ಯೀಸ್ಟ್ ಸೋತು ನಿಂತ ಮೇಲೂ ಸಿಹಿ ಬೇಕಾದಷ್ಟು ಉಳಿಯುತ್ತದೆ. ಸ್ವಲ್ಪ ಹುಳಿ ಬಂದಿದ್ದರೂ ಆ ಸಿಹಿಯಲ್ಲಿ ಮುಚ್ಚಿಹೋಗುತ್ತದೆ. ಬಳ್ಳಿಮನೆಯವರ ಲೆಕ್ಕದಲ್ಲಿ ಸಕ್ಕರೆ ಕಡಿಮೆ. ಹಣ್ಣಿನ ಸಿಹಿಯೂ ಸೇರಿದರೆ ಲೀಟರಿಗೆ 235 ಗ್ರಾಂ ಆಸುಪಾಸು. ಲೀಟರಿಗೆ 17 ಗ್ರಾಂ ಸಕ್ಕರೆ ಸುಮಾರು ಶೇ. 1 ಆಲ್ಕೋಹಾಲ್ ಕೊಡುತ್ತದೆ ಎಂದು ಹಿಡಿದರೆ ಶೇ. 13ರಿಂದ 14ಕ್ಕೆ ಹೋಗಿ ಸಿಹಿ ಹೆಚ್ಚುಕಡಿಮೆ ಮುಗಿಯುತ್ತದೆ. ಅಂಥ ವೈನ್‌ನಲ್ಲಿ ಹುಳಿ ಅಡಗಿಕೊಳ್ಳಲು ಜಾಗವಿಲ್ಲ.

ಮೊದಲ 6–8 ದಿನ ಬಟ್ಟೆ ಕಟ್ಟಿದ ಭರಣಿಗಿಂತ ಒಳ್ಳೆಯದು ಯಾವುದೂ ಇಲ್ಲ, ಅದನ್ನು ಒಪ್ಪುತ್ತೇನೆ. ಒಳಗಿನಿಂದ ಇಂಗಾಲದ ಡೈಆಕ್ಸೈಡ್ ಎಡೆಬಿಡದೆ ಮೇಲೇಳುತ್ತಿರುವುದರಿಂದ ಹೊರಗಿನ ಗಾಳಿ ರಸವನ್ನು ಮುಟ್ಟುವುದು ಕಡಿಮೆ. ಗುಳ್ಳೆ ಇಳಿದ ಮೇಲೆ ಆ ಕಾವಲು ಹೋಗುತ್ತದೆ. ಒಳಗಡೆ 20 ಸೆಂ.ಮೀ. ಅಗಲ ಇರುವ ಭರಣಿಯಲ್ಲಿ ಗಾಳಿಗೆ ತೆರೆದ ಮೇಲ್ಮೈ 314 ಚದರ ಸೆಂ.ಮೀ. 3 ಸೆಂ.ಮೀ. ಕತ್ತಿನವರೆಗೆ ತುಂಬಿದ ಬಾಟಲಿಯಲ್ಲಿ ಕೇವಲ 7. ವೈನನ್ನು ವಿನೆಗರ್ ಮಾಡುವ ಬ್ಯಾಕ್ಟೀರಿಯಾ ಗಾಳಿ ಇಲ್ಲದೆ ಬೆಳೆಯಲಾರದು. ಮೂರನೇ ವಾರದ ಭರಣಿಯಲ್ಲಿ ಅದಕ್ಕೆ ಬೇಕಾದ್ದೆಲ್ಲ ಇರುತ್ತದೆ.

ಕಾಫಿತೋಟ:
ಇದಕ್ಕೆ ಒಂದು ಮಾತು ಸೇರಿಸುತ್ತೇನೆ. ಬಟ್ಟೆ ಎಂದರೆ ಯಾವುದೋ ಜಾಳುಜಾಳಾದದ್ದಲ್ಲ. ಹಣ್ಣುನೊಣ ಆ ಬ್ಯಾಕ್ಟೀರಿಯಾವನ್ನು ಕಾಲಲ್ಲಿ ಹೊತ್ತು ತರುತ್ತದೆ. ಹಳೆಯ ಹತ್ತಿ ಪಂಚೆಯನ್ನು ಎರಡು ಮಡಿಕೆ ಮಾಡಿ, ದಾರ ಅಥವಾ ಇಲಾಸ್ಟಿಕ್‌ನಿಂದ ಬಿಗಿಯಾಗಿ ಕಟ್ಟಿ. ಬಟ್ಟೆ ರಸದಲ್ಲಿ ನೆನೆದರೆ ಅವತ್ತೇ ಬದಲಿಸಿ, ನೆನೆದ ಬಟ್ಟೆಯ ಮೇಲೆಯೇ ಹುಳಿ ಶುರುವಾಗುವುದು.

ಬಳ್ಳಿಮನೆ:
ಜಾಡಿ ಹಳೆಯದು. ಹೊರಗೆ ಕಂದು ಮತ್ತು ಕೆನೆ ಬಣ್ಣ, ಒಳಗೆಲ್ಲ ಕೆನೆ ಬಣ್ಣ. ಹಿಂದೆ ಮಾವಿನ ಉಪ್ಪಿನಕಾಯಿ ಹಾಕುತ್ತಿದ್ದರು. ತೊಂದರೆ ಇಲ್ಲವೇ?

ಭರಣಿ_ಕುಡ್ಲ:
ಉಪ್ಪಿನಕಾಯಿ ಜಾಡಿ ಬೇಡ. ಒಳಗಿನ ಹೊಳಪಿನ ಭಾಗ ಸ್ವಚ್ಛವಾಗುತ್ತದೆ, ಅದು ಸರಿ. ಆದರೆ ಮುಚ್ಚಳ ಕೂರುವ ಅಂಚನ್ನು ನೋಡಿ, ಹೆಚ್ಚಿನ ಜಾಡಿಗಳಲ್ಲಿ ಅಲ್ಲಿ ಹೊಳಪು ಇರುವುದಿಲ್ಲ, ಒರಟು ಮಣ್ಣು. ಎಣ್ಣೆ, ಇಂಗು, ಸಾಸಿವೆ ಎಲ್ಲ ಅದಕ್ಕೆ ಇಳಿದಿರುತ್ತದೆ. ಆಲ್ಕೋಹಾಲ್ ಆ ವಾಸನೆಯನ್ನು ಎಳೆದುಕೊಳ್ಳುತ್ತದೆ. ಒಮ್ಮೆ ಪ್ರಯತ್ನ ಮಾಡಬೇಕೆಂದರೆ ಬಿಸಿ (ಕುದಿಯುವುದಲ್ಲ) ನೀರಿಗೆ ಲೀಟರಿಗೆ ಒಂದು ದೊಡ್ಡ ಚಮಚ ವಾಷಿಂಗ್ ಸೋಡಾ ಹಾಕಿ ರಾತ್ರಿಯಿಡೀ ತುಂಬಿಡಿ, ಅಂಚೂ ಮುಳುಗಲಿ. ತೊಳೆದು ಎರಡು ದಿನ ಬಿಸಿಲಿಗಿಡಿ. ಆಮೇಲೆ ಮುಚ್ಚಳ ಹಾಕಿ ಒಂದು ದಿನ ಬಿಟ್ಟು ಮೂಸಿ ನೋಡಿ. ಉಪ್ಪಿನಕಾಯಿ ನೆನಪಾದರೆ ಅದನ್ನು ಉಪ್ಪಿನಕಾಯಿಗೇ ಬಿಡಿ.

ಬೇರೆ ಜಾಡಿ ಆರಿಸುವಾಗ ಬೆರಳ ಗೆಣ್ಣಿನಿಂದ ತಟ್ಟಿ. ಗಂಟೆಯ ಹಾಗೆ ದನಿ ಬರಬೇಕು. ಬಿರುಕಿದ್ದರೆ ಬೊದ್ದು ದನಿ. ಬಳಿಕ ನೀರು ತುಂಬಿ ಹಳೆ ಪೇಪರಿನ ಮೇಲೆ 24 ಗಂಟೆ ಇಡಿ. ಪೇಪರ್ ಒದ್ದೆಯಾದರೆ ಜಾಡಿ ಜಿನುಗುತ್ತದೆ ಎಂದೇ ಅರ್ಥ.

ಹುಳಿಮಾಪಕ:
ಒಳಗಿನ ಹೊಳಪಿನಲ್ಲಿ ಕೂದಲೆಳೆಯಂಥ ಗೀರುಗಳ ಜಾಲ ಇದೆಯೇ ಎಂದೂ ನೋಡಬೇಕು. ನೀರಿಗೆ ನಾಲ್ಕು ಹನಿ ಫೌಂಟನ್ ಪೆನ್ನಿನ ಇಂಕು ಹಾಕಿ ಒಳಗೆಲ್ಲ ಸವರಿ, ಐದು ನಿಮಿಷ ಬಿಟ್ಟು ಒರೆಸಿದರೆ ಗೀರುಗಳು ನೀಲಿಯಾಗಿ ಎದ್ದು ಕಾಣುತ್ತವೆ. ಅಂಥ ಜಾಡಿಯನ್ನು ಎಷ್ಟು ತೊಳೆದರೂ ಗೀರಿನೊಳಗಿನ ಸೂಕ್ಷ್ಮಜೀವಿಗಳು ಹೋಗುವುದಿಲ್ಲ.

ಇನ್ನು ಸೀಸದ ವಿಷಯ. ಇದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಕೆಲವು ಬಗೆಯ ಹೊಳಪಿನಲ್ಲಿ ಸೀಸ ಇರುತ್ತದೆ. ವೈನಿನ ಆಮ್ಲತೆ ಪಿಎಚ್ 3ರಿಂದ 3.8. ಆ ಹುಳಿ ವಾರಗಟ್ಟಲೆ ತಾಗಿದರೆ ಸೀಸ ರಸಕ್ಕೆ ಇಳಿಯುತ್ತದೆ. ಬಣ್ಣವಿಲ್ಲ, ವಾಸನೆಯಿಲ್ಲ, ಗೊತ್ತಾಗುವುದೇ ಇಲ್ಲ. ಒಳಭಾಗದಲ್ಲಿ ಕೆಂಪು, ಹಳದಿ, ಕಿತ್ತಳೆ ಬಣ್ಣ ಬಳಿದ ಅಲಂಕಾರದ ಜಾಡಿಗಳನ್ನು ಮುಟ್ಟಲೇಬೇಡಿ. ಮನೆಯಲ್ಲೇ ಉಜ್ಜಿ ನೋಡುವ ಪರೀಕ್ಷಾ ಕಡ್ಡಿಗಳಿಗೆ ಕಡಿಮೆ ಪ್ರಮಾಣದ ಸೀಸ ತಪ್ಪಿಸಿಕೊಳ್ಳಬಹುದು, ಆದ್ದರಿಂದ ಅದು ಸರಿ ಎಂದರೂ ಪೂರ್ತಿ ನಂಬುವಂತಿಲ್ಲ. ಮೂಲ ತಿಳಿಯದ ಹಳೆಯ ಜಾಡಿಯಾದರೆ ಬಿಟ್ಟುಬಿಡಿ. ಆಹಾರಕ್ಕೆಂದೇ ಮಾರುವ, ಸೀಸರಹಿತ ಎಂದು ಬರೆದಿರುವ ಹೊಸ ಜಾಡಿ ತನ್ನಿ.

ಕಾಫಿತೋಟ:
ಮಣ್ಣಿನ ಮಡಕೆ ಬಗ್ಗೆಯೂ ಯಾರಾದರೂ ಕೇಳುತ್ತಾರೆ, ಈಗಲೇ ಹೇಳಿಬಿಡುತ್ತೇನೆ. ಜಾರ್ಜಿಯಾ ದೇಶದಲ್ಲಿ ಕ್ವೆವ್ರಿ ಎಂಬ ದೊಡ್ಡ ಮಣ್ಣಿನ ಗುಡಾಣಗಳಲ್ಲಿ ವೈನ್ ಮಾಡುತ್ತಾರೆ, 2013ರಲ್ಲಿ ಯುನೆಸ್ಕೊ ಪರಂಪರೆಯ ಪಟ್ಟಿಗೂ ಆ ವಿಧಾನ ಸೇರಿದೆ. ಆದರೆ ಅವರು ಒಳಗೆ ಜೇನುಮೇಣ ಸವರಿ, ಗುಡಾಣವನ್ನು ಕತ್ತಿನವರೆಗೆ ನೆಲದಲ್ಲಿ ಹೂಳುತ್ತಾರೆ. ನಮ್ಮ ನೀರಿನ ಮಡಕೆ ತಣ್ಣಗಿರುವುದೇ ಅದು ಜಿನುಗುವುದರಿಂದ. ನೀರು ಜಿನುಗುವ ದಾರಿಯಲ್ಲಿ ಗಾಳಿಯೂ ಒಳಬರುತ್ತದೆ. 5 ಲೀಟರ್ ವೈನ್‌ಗೆ ಮಡಕೆ ಆಗದು.

ಗಾಜುಬಾಟ್ಲಿ:
ಹಾಗಿದ್ದರೆ ಆ 20 ಲೀಟರ್ ಕ್ಯಾನಿನಲ್ಲಿ ಶುರು ಮಾಡಬಹುದಲ್ಲ? ಜಾಗ ಧಾರಾಳವಾಗಿದೆ.

ಹುಳಿಮಾಪಕ:
ಮೊದಲ ವಾರಕ್ಕೆ ಜಾಗ ಹೆಚ್ಚಿದ್ದರೆ ನಷ್ಟವಿಲ್ಲ. ತೊಡಕು ಬಾಯಿಯದ್ದು. ಕ್ಯಾನಿನ ಬಾಯಿ ಸುಮಾರು 5 ಸೆಂ.ಮೀ. ಬೆಂಗಳೂರು ಬ್ಲೂ ದ್ರಾಕ್ಷಿಯ ಸಿಪ್ಪೆ ದಪ್ಪ, ಹಿಸುಕಿದರೆ ತಿರುಳು ಒಂದೇ ಉಂಡೆಯಾಗಿ ಜಾರಿ ಹೊರಬರುತ್ತದೆ. ಸಿಪ್ಪೆಯೆಲ್ಲ ಗುಳ್ಳೆ ಹಿಡಿದು ಮೇಲೆ ತೇಲಿ ಗಟ್ಟಿ ಪದರ ಕಟ್ಟುತ್ತದೆ. ಅದನ್ನು ದಿನಕ್ಕೆ ಎರಡು ಸಲ, ಬೆಳಿಗ್ಗೆ ಸಂಜೆ, ಒತ್ತಿ ಮುಳುಗಿಸಲೇಬೇಕು. ಒತ್ತದಿದ್ದರೆ ಮೇಲಿನ ಸಿಪ್ಪೆ ಒಣಗಿ ಬೂಷ್ಟು ಬರುತ್ತದೆ, ಬಣ್ಣವೂ ರಸಕ್ಕೆ ಇಳಿಯುವುದಿಲ್ಲ. 5 ಸೆಂ.ಮೀ. ಬಾಯಿಯಲ್ಲಿ ಸೌಟು ಆಡುವುದಿಲ್ಲ, ಕೊನೆಗೆ ಸಿಪ್ಪೆ ಹೊರತೆಗೆಯುವುದೂ ಕಷ್ಟ.

ಕ್ಯಾನ್ ಯಾವ ಪ್ಲಾಸ್ಟಿಕ್ ಎಂಬುದು ಮುಂದಿನ ಪ್ರಶ್ನೆ. ತಳದ ತ್ರಿಕೋನದಲ್ಲಿ ಅಂಕಿ ಇರುತ್ತದೆ. 7 ಇದ್ದರೆ ಅನೇಕ ಸಲ ಪಾಲಿಕಾರ್ಬೊನೇಟ್. ಅದರಿಂದ ಬಿಸ್ಫೆನಾಲ್ ಎ ಎಂಬ ರಾಸಾಯನಿಕ ಇಳಿಯುವ ಆತಂಕ ಇದೆ, ಬಿಸಿನೀರು ಮತ್ತು ಕ್ಷಾರದಲ್ಲಿ ತೊಳೆದಷ್ಟೂ ಹೆಚ್ಚು. ವೈನ್‌ಗೆ ಬೇಡ. 1 ಇದ್ದರೆ ಪೆಟ್. ಇದು ಗಾಳಿಯನ್ನು ಸಾಕಷ್ಟು ತಡೆಯುತ್ತದೆ, ಸೋಸಿದ ವೈನನ್ನು ಎರಡು ಮೂರು ತಿಂಗಳು ಇಡಬಹುದು. ಆದರೆ ಬಿಸಿನೀರು ಹಾಕಿದರೆ ಸೊಟ್ಟಗಾಗುತ್ತದೆ, ಉಗುರುಬೆಚ್ಚಗಿನದ್ದೇ ಗತಿ. 2 ಮತ್ತು 5, ಅಂದರೆ ಎಚ್‌ಡಿಪಿಇ ಮತ್ತು ಪಾಲಿಪ್ರೊಪಿಲೀನ್, ಮುಚ್ಚಳವಿರುವ ಬಕೆಟ್‌ಗಳು. ಮೊದಲ ವಾರಕ್ಕೆ ಬಹಳ ಅನುಕೂಲ. ಇವುಗಳ ಗೋಡೆಯ ಮೂಲಕ ಆಮ್ಲಜನಕ ನಿಧಾನವಾಗಿ ಒಳಬರುವುದರಿಂದ ತಿಂಗಳುಗಟ್ಟಲೆ ಇಡಲಾಗದು.

ಅಂಕಿ ಹೇಳುವುದು ಪ್ಲಾಸ್ಟಿಕ್ಕಿನ ಜಾತಿಯನ್ನು ಮಾತ್ರ. ಆಹಾರಕ್ಕೆ ಯೋಗ್ಯವೇ ಎಂದು ತಿಳಿಯಲು ಲೋಟ ಮತ್ತು ಮುಳ್ಳುಚಮಚದ ಗುರುತು ನೋಡಿ. ಪೇಂಟಿನ ಬಕೆಟ್ ಎಷ್ಟು ತೊಳೆದರೂ ಪೇಂಟಿನ ಬಕೆಟ್ಟೇ. ಎಣ್ಣೆ ಕ್ಯಾನೂ ಅಷ್ಟೇ. ಪ್ಲಾಸ್ಟಿಕ್ ಪಾತ್ರೆಯನ್ನು ತೆಂಗಿನ ನಾರು, ಸ್ಟೀಲ್ ಉಜ್ಜುವ ನಾರಿನಿಂದ ತಿಕ್ಕಬೇಡಿ, ಮೆತ್ತನೆ ಸ್ಪಂಜು ಸಾಕು. ಗೀರು ಬಿದ್ದರೆ ಮುಂದಿನ ಸಲದ ಹುಳಿಗೆ ನೀವೇ ಮನೆ ಕಟ್ಟಿಕೊಟ್ಟಂತೆ.

ಪಾತ್ರೆಬೀದಿ:
ಸ್ಟೀಲ್ ಡಬ್ಬ ಬಗ್ಗೆ ನಾನು ಹೇಳುತ್ತೇನೆ. 304 ದರ್ಜೆಯ ಸ್ಟೀಲ್ ಆದರೆ ಮೊದಲ ವಾರಕ್ಕೆ ಚಿಂತೆಯಿಲ್ಲದೆ ಬಳಸಿ. ಒಡೆಯುವುದಿಲ್ಲ, ಕುದಿಯುವ ನೀರು ಹುಯ್ದು ತೊಳೆಯಬಹುದು, ವಾಸನೆ ಹಿಡಿಯುವುದಿಲ್ಲ. ಅಗ್ಗದ ಡಬ್ಬಗಳು ಅನೇಕ ಸಲ 202 ದರ್ಜೆಯವು, ನಿಕಲ್ ಕಡಿಮೆ. ಹುಳಿ ಮತ್ತು ಉಪ್ಪಿಗೆ ಚುಕ್ಕೆ ಚುಕ್ಕೆಯಾಗಿ ತುಕ್ಕು ಹಿಡಿಯುತ್ತದೆ. ಅಯಸ್ಕಾಂತ ಇಟ್ಟು ನೋಡಿ ಎಂದು ಜನ ಹೇಳುತ್ತಾರೆ. ಅದು ಪ್ರಯೋಜನವಿಲ್ಲ, 202 ಮತ್ತು 304 ಎರಡಕ್ಕೂ ಅಯಸ್ಕಾಂತ ಹೆಚ್ಚುಕಡಿಮೆ ಅಂಟುವುದಿಲ್ಲ. ತಳದಲ್ಲಿ ಒತ್ತಿರುವ ದರ್ಜೆಯ ಗುರುತು ನೋಡಿ. ಇಲ್ಲದಿದ್ದರೆ ಬೆಸುಗೆಯ ಗೆರೆ, ತಳದ ಮೂಲೆ ನೋಡಿ, ಕಂದು ಚುಕ್ಕೆ ಇದ್ದರೆ ಬೇಡ.

ಅಲ್ಯೂಮಿನಿಯಂ ಹಾಲಿನ ಕ್ಯಾನ್, ಹಿತ್ತಾಳೆ ಕೊಡ, ತಾಮ್ರದ ಹಂಡೆ, ಕಬ್ಬಿಣದ ಬಾಣಲೆ: ಇವು ಯಾವುವೂ ಬೇಡ. ಹುಳಿ ಲೋಹವನ್ನು ಕರಗಿಸುತ್ತದೆ. ಕಲಾಯಿ ಹಾಕಿದ್ದರೂ ಬೇಡ, ಸವೆದ ಜಾಗದಲ್ಲಿ ಹಿತ್ತಾಳೆ ತೆರೆದಿರುತ್ತದೆ. ಸ್ಟೀಲನ್ನು ಬ್ಲೀಚಿಂಗ್ ಪೌಡರಿನಲ್ಲಿ ತೊಳೆಯಬೇಡಿ, ಕ್ಲೋರಿನ್ ಅದನ್ನು ತಿನ್ನುತ್ತದೆ.

ಬಳ್ಳಿಮನೆ:
ತುಂಬಾ ಉಪಕಾರವಾಯಿತು. ಡಬ್ಬದ ತಳದಲ್ಲಿ 304 ಎಂದಿದೆ, 12 ಲೀಟರ್ ಹಿಡಿಯುತ್ತದೆ. ಹಾಗಾದರೆ ಮೊದಲ ವಾರ ಅದರಲ್ಲೇ. ಆಮೇಲೆ ಗಾಜಿನ ಬಾಟಲಿಗೆ. ಬಾಟಲಿಯ ಮುಚ್ಚಳ ಬಿಗಿಯಾಗಿ ತಿರುಗಿಸಿ, ದಿನಕ್ಕೊಮ್ಮೆ ಸಡಿಲಿಸಿದರೆ ಸಾಕಲ್ಲವೇ?

ಹುಳಿಮಾಪಕ:
ಬೇಡ! ದಯವಿಟ್ಟು ಹಾಗೆ ಮಾಡಬೇಡಿ. 1 ಕೆಜಿ ಸಕ್ಕರೆ ಪೂರ್ತಿ ಹುದುಗಿದರೆ ಸುಮಾರು 250 ಲೀಟರ್ ಅನಿಲ ಬರುತ್ತದೆ. ಸೋಸಿದ ಮೇಲೆ ಲೀಟರಿಗೆ 20 ಗ್ರಾಂ ಸಕ್ಕರೆ ಮಾತ್ರ ಉಳಿದಿದೆ ಎಂದುಕೊಳ್ಳಿ. ಮುಚ್ಚಿದ ಬಾಟಲಿಯಲ್ಲಿ ಅಷ್ಟೇ ಸಾಕು, ಒತ್ತಡ 5 ಪಟ್ಟು ವಾಯುಭಾರಕ್ಕೆ ಏರಲು. ಶಾಂಪೇನ್ ಬಾಟಲಿಯ ಗಾಜು ಅಷ್ಟು ದಪ್ಪ ಇರುವುದು ಇದಕ್ಕೇ. ನಿಮ್ಮ ಬಾಟಲಿಯ ಗಾಜು ಅದನ್ನು ತಡೆಯುವುದಿಲ್ಲ. ಒಂದು ದಿನ ಸಡಿಲಿಸಲು ಮರೆತರೆ ಸಿಡಿದ ಚೂರು ಕಣ್ಣಿಗೆ ಬೀಳಬಹುದು. ಮಕ್ಕಳು ಓಡಾಡುವ ಮನೆಯಲ್ಲಂತೂ ಈ ಯೋಚನೆಯೇ ಕೂಡದು.

ಒಳಗಿನ ಅನಿಲ ಹೊರಹೋಗಬೇಕು, ಹೊರಗಿನ ಗಾಳಿ ಒಳಬರಬಾರದು. ಅದಕ್ಕೆ ಏರ್‌ಲಾಕ್. ಆನ್‌ಲೈನಿನಲ್ಲಿ ಸಿಗುತ್ತದೆ. ರಬ್ಬರ್ ಗ್ರಾಮೆಟ್ (ತೂತಿನಲ್ಲಿ ಬಿಗಿಯಾಗಿ ಕೂರುವ ಬಳೆ) ಸಮೇತ ತರಿಸಿ, ಗ್ರಾಮೆಟ್ಟಿನ ಅಳತೆಗೆ ಸರಿಯಾಗಿ ಮುಚ್ಚಳಕ್ಕೆ ತೂತು ಕೊರೆಯಿರಿ.

ಗಾಜುಬಾಟ್ಲಿ:
ಏರ್‌ಲಾಕ್ ಸಿಗದವರು ಮೆಡಿಕಲ್ ಶಾಪಿನಲ್ಲಿ ಹೊಸ ಡ್ರಿಪ್ ಸೆಟ್ ಕೊಳ್ಳಬಹುದು. ಚಕ್ರದ ಕ್ಲಾಂಪ್, ಹನಿ ಬೀಳುವ ಕೊಳವೆ ಎರಡನ್ನೂ ಕತ್ತರಿಸಿ, ಬರಿ ಟ್ಯೂಬು ಇಟ್ಟುಕೊಳ್ಳಿ. ಟ್ಯೂಬಿಗಿಂತ ಕೂದಲೆಳೆಯಷ್ಟು ಚಿಕ್ಕ ತೂತು ಮುಚ್ಚಳಕ್ಕೆ ಕೊರೆದು ಎಳೆದು ಕೂರಿಸಿ, ಸುತ್ತ ಜೇನುಮೇಣ ಮೆತ್ತಿ. ಒಳತುದಿ ವೈನ್ ಮುಟ್ಟಬಾರದು. ಹೊರತುದಿ ಒಂದು ಲೋಟ ನೀರಿನಲ್ಲಿ 2 ಸೆಂ.ಮೀ. ಮುಳುಗಿರಲಿ. ಇದು ಸೋಸಿದ ಮೇಲೆ ಮಾತ್ರ. ಸಿಪ್ಪೆ ಇರುವಾಗ ಇಷ್ಟು ಸಣ್ಣ ಟ್ಯೂಬಿಗೆ ತಿರುಳು ಸಿಕ್ಕಿಕೊಂಡರೆ ಮುಚ್ಚಳ ಹಾರಿ ಗೋಡೆ ಕೆಂಪಾಗುತ್ತದೆ.

ಹುಳಿಮಾಪಕ:
ಸರಿಯಾಗಿ ಹೇಳಿದಿರಿ. ರಾತ್ರಿ ಚಳಿಗೆ ಒಳಗಿನ ಅನಿಲ ಕುಗ್ಗಿದಾಗ ಲೋಟದ ನೀರು ಹಿಂದಕ್ಕೆ ಎಳೆದುಕೊಳ್ಳುವುದುಂಟು. ಆದ್ದರಿಂದ ಕಾಯಿಸಿ ಆರಿಸಿದ ನೀರು ಹಾಕಿ, ಚಿಟಿಕೆ ಕೆಎಂಎಸ್ (ಪೊಟ್ಯಾಸಿಯಂ ಮೆಟಾಬೈಸಲ್ಫೈಟ್, ಕ್ರಿಮಿ ಕೊಲ್ಲುವ ಪುಡಿ) ಸೇರಿಸಿ. ಬೇಸಿಗೆಯಲ್ಲಿ ವಾರಕ್ಕೊಮ್ಮೆ ಮಟ್ಟ ನೋಡಿ, ನೀರು ಆರಿಹೋದರೆ ಏರ್‌ಲಾಕ್ ಇದ್ದೂ ಇಲ್ಲದಂತೆ.

ಗುಳ್ಳೆ ಬರುತ್ತಿಲ್ಲ ಎಂದ ಮಾತ್ರಕ್ಕೆ ಹುದುಗು ನಿಂತಿದೆ ಎನ್ನಲಾಗದು. ಮುಚ್ಚಳದ ಸಂದಿಯಿಂದ ಅನಿಲ ಸೋರುತ್ತಿರಬಹುದು. ರಸದ ಸಾಂದ್ರತೆ ತೋರಿಸುವ ಹೈಡ್ರೋಮೀಟರ್ ಒಂದು ಕೊಂಡುಕೊಳ್ಳಿ, ಸಕ್ಕರೆ ಮುಗಿಯುತ್ತ ಬಂದಂತೆ ಅದರ ಅಂಕಿ ಇಳಿಯುತ್ತದೆ. 1.020ರಿಂದ 1.010ರ ನಡುವೆ ಬಂದಾಗ ಸೋಸಿ ಬಾಟಲಿಗೆ ಹಾಕಿ. ಇನ್ನೂ ಸ್ವಲ್ಪ ಅನಿಲ ಏಳುತ್ತಿರುವುದರಿಂದ ಬಗ್ಗಿಸುವಾಗ ಸೇರಿದ ಗಾಳಿಯನ್ನು ಅದೇ ಹೊರದಬ್ಬುತ್ತದೆ.

ಕಾಫಿತೋಟ:
ಗಾಜಿನ ಬಗ್ಗೆ ಮೂರು ಎಚ್ಚರಿಕೆ. ತಣ್ಣನೆ ಬಾಟಲಿಗೆ ಬಿಸಿನೀರು ಹುಯ್ಯಬೇಡಿ, ಸಾದಾ ಗಾಜು ಆ ಏಟಿಗೆ ಸೀಳುತ್ತದೆ. ಬಣ್ಣವಿಲ್ಲದ ಗಾಜಾದರೆ ಕಪ್ಪು ಬಟ್ಟೆ ಅಥವಾ ಪೇಪರ್ ಸುತ್ತಿ, ಬೆಳಕು ತಾಗಿದರೆ ಬಣ್ಣವೂ ಹೋಗುತ್ತದೆ, ಬೇಯಿಸಿದ ಎಲೆಕೋಸಿನಂಥ ವಾಸನೆಯೂ ಬರಬಹುದು. ತುಂಬಿದ ಬಾಟಲಿಯ ಕತ್ತು ಹಿಡಿದು ಎತ್ತಬೇಡಿ, ತಳಕ್ಕೆ ಕೈ ಕೊಡಿ. ಲ್ಯಾಬಿನಲ್ಲಿ ರಾಸಾಯನಿಕ ತುಂಬಿದ್ದ ಕಂದು ಬಾಟಲಿ ಗುಜರಿಯಲ್ಲಿ ಸಿಗುತ್ತದೆ, ನೋಡಲು ಚೆಂದ. ಅದು ಖಂಡಿತ ಬೇಡ.

ಪ್ಯಾಶನ್ ಫ್ರೂಟ್, ಶುಂಠಿ, ವೀಳ್ಯದೆಲೆ ವೈನ್ ಮಾಡುವವರಿಗೆ ಲೆಕ್ಕ ಬೇರೆ. ರಸ ಅಥವಾ ಕಷಾಯ ಸೋಸಿಯೇ ಶುರು ಮಾಡುವುದಾದರೆ ಮೇಲೆ ಸಿಪ್ಪೆಯ ಪದರ ಬರುವುದಿಲ್ಲ, ಮೊದಲ ದಿನದಿಂದಲೇ ಕಿರುಬಾಯಿಯ ಗಾಜಿನಲ್ಲಿ ಹಾಕಬಹುದು. ಆದರೆ 5 ಲೀಟರ್ ಬಾಟಲಿಗೆ 3.5 ಲೀಟರ್ ಮಾತ್ರ. ನೊರೆ ಇಳಿದ ಮೇಲೆ ಇನ್ನೊಂದು ಚಿಕ್ಕ ಬಾಟಲಿಗೆ ಬಗ್ಗಿಸಿ ಕತ್ತಿನವರೆಗೆ ತುಂಬಿ.

ಸಾಗರದಾಚೆ:
ಅಮೆರಿಕದಲ್ಲಿರುವ ಕನ್ನಡದವರಿಗೆ ಸುಲಭ ದಾರಿ: ಒಂದು ಗ್ಯಾಲನ್ (3.8 ಲೀಟರ್) ಗಾಜಿನ ಬಾಟಲಿಯಲ್ಲಿ ಆಪಲ್ ಜ್ಯೂಸ್ ಮಾರುತ್ತಾರೆ. ರಸ ಕುಡಿದು ಬಾಟಲಿ ಇಟ್ಟುಕೊಳ್ಳಿ. ಮುಚ್ಚಳ 38 ಮಿ.ಮೀ. ಇದ್ದರೆ 6ನೇ ನಂಬರಿನ ತೂತುಳ್ಳ ರಬ್ಬರ್ ಬಿರಡೆ ಹೊಂದುತ್ತದೆ. ಅಂದಹಾಗೆ, 5 ಲೀಟರಿನ ಪುಟ್ಟ ಓಕ್ ಪೀಪಾಯಿ ಕೊಳ್ಳಬೇಕೇ ಎಂದು ಆಸೆ ಇದೆ. ಹೇಗೆ?

ಹುಳಿಮಾಪಕ:
ಬೇಡವೆಂದೇ ಹೇಳುತ್ತೇನೆ. ವೈನರಿಗಳ ಪೀಪಾಯಿ 225 ಲೀಟರ್. 5 ಲೀಟರಿಗೆ ಇಳಿದಾಗ ಪ್ರತಿ ಲೀಟರಿಗೆ ತಾಗುವ ಮರ ಸುಮಾರು ಮೂರೂವರೆ ಪಟ್ಟು ಹೆಚ್ಚು. ಕೆಲವೇ ವಾರಗಳಲ್ಲಿ ವೈನ್ ಬರಿ ಮರದ ರುಚಿ ಆಗುತ್ತದೆ, ಆವಿಯಾಗಿ ಹೋಗುವುದೂ ಅಷ್ಟೇ ಬೇಗ. ಗಾಜಿನ ಬಾಟಲಿಗೆ ಲೀಟರಿಗೆ 2–3 ಗ್ರಾಂ ಹುರಿದ ಓಕ್ ಚೂರು ಹಾಕಿ, ವಾರಕ್ಕೊಮ್ಮೆ ರುಚಿ ನೋಡಿ, ಸಾಕೆನಿಸಿದಾಗ ವೈನ್ ಬೇರೆಗೆ ಬಗ್ಗಿಸಿ.

ಭರಣಿ_ಕುಡ್ಲ:
ಕರಾವಳಿಯ ಸೆಕೆಗೆ ಏನು ಮಾಡುವುದು? ಭರಣಿ ತಂಪು ಎಂದು ನಂಬಿಕೆ.

ಹುಳಿಮಾಪಕ:
ದಪ್ಪ ಗೋಡೆ ಬಿಸಿಯನ್ನು ನಿಧಾನವಾಗಿ ಒಳಬಿಡುತ್ತದೆ, ಒಳಗೆ ಹುಟ್ಟಿದ ಬಿಸಿಯನ್ನೂ ಹಾಗೆಯೇ ಹಿಡಿದಿಡುತ್ತದೆ. ಯೀಸ್ಟ್ ಕೆಲಸ ಮಾಡುವಾಗ ಬಿಸಿ ಹುಟ್ಟುತ್ತದೆ. ಈ ವಿಷಯದಲ್ಲಿ ಸ್ಟೀಲ್ ಮೇಲು, ತೆಳು ಗೋಡೆ ಬೇಗ ಬಿಸಿ ಬಿಡುತ್ತದೆ. ಯಾವುದೇ ಇರಲಿ, ಅಗಲದ ಟಬ್ಬಿನಲ್ಲಿ ಅರ್ಧ ಎತ್ತರ ನೀರು ನಿಲ್ಲಿಸಿ ಅದರಲ್ಲಿಡಿ. ಒದ್ದೆ ಬಟ್ಟೆ ಸುತ್ತುವುದು ಬಯಲುಸೀಮೆಯ ಒಣ ಗಾಳಿಯಲ್ಲಿ ಚೆನ್ನಾಗಿ ನಡೆಯುತ್ತದೆ, ಮಂಗಳೂರಿನ ತೇವದಲ್ಲಿ ಅಷ್ಟಾಗಿ ಇಲ್ಲ. ಅಲ್ಲಿ ಟಬ್ಬಿಗೆ ಹೆಪ್ಪುಗಟ್ಟಿಸಿದ ಒಂದು ಲೀಟರ್ ನೀರಿನ ಬಾಟಲಿ ಹಾಕಿ, ಬೆಳಿಗ್ಗೆ ಸಂಜೆ ಬದಲಿಸಿ. 30 ಡಿಗ್ರಿ ದಾಟದಂತೆ ನೋಡಿಕೊಂಡರೆ ಸಾಕು.

ಬಳ್ಳಿಮನೆ:
ಕೊನೆಯ ಎರಡು ಪ್ರಶ್ನೆ. ಪಾತ್ರೆಗಳನ್ನು ಕ್ರಿಮಿರಹಿತ ಮಾಡುವುದು ಹೇಗೆ? ಬಾಟಲಿ ಪೂರ್ತಿ ತುಂಬದೆ 200 ಮಿ.ಲೀ. ಕಡಿಮೆ ಬಿದ್ದರೆ ನೀರು ಸೇರಿಸಬಹುದೇ?

ಹುಳಿಮಾಪಕ:
ಮೊದಲು ತೊಳೆಯುವುದು, ಆಮೇಲೆ ಕ್ರಿಮಿ ಕೊಲ್ಲುವುದು. ಕೊಳೆ ಇದ್ದಲ್ಲಿ ಔಷಧ ತಾಗುವುದಿಲ್ಲ. ವಾಷಿಂಗ್ ಸೋಡಾ ನೀರಿನಲ್ಲಿ ತೊಳೆದು, ಎರಡು ಸಲ ಒಳ್ಳೆಯ ನೀರಲ್ಲಿ ಜಾಲಿಸಿ. ಬಳಿಕ 1 ಲೀಟರ್ ನೀರಿಗೆ 10 ಗ್ರಾಂ ಕೆಎಂಎಸ್, 10 ಗ್ರಾಂ ಸಿಟ್ರಿಕ್ ಆಸಿಡ್ ಹಾಕಿ, ಒಳಗೋಡೆಯೆಲ್ಲ ನೆನೆಯುವಂತೆ ಆಡಿಸಿ 10 ನಿಮಿಷ ಬಿಡಿ, ಬಸಿದು ಹಾಕಿ, ಕಾಯಿಸಿ ಆರಿಸಿದ ನೀರಲ್ಲಿ ಒಮ್ಮೆ ಜಾಲಿಸಿ. ಸೌಟು, ಟ್ಯೂಬು, ಮುಚ್ಚಳ, ಸೋಸುವ ಬಟ್ಟೆ ಎಲ್ಲಕ್ಕೂ ಇದೇ. ಕಿಟಕಿ ತೆರೆದಿರಲಿ, ಘಾಟು ಜೋರು. ಅಸ್ತಮಾ ಇರುವವರು ಈ ಕೆಲಸ ಮಾಡುವುದು ಬೇಡ, ಸ್ಟೀಲ್ ಡಬ್ಬಕ್ಕಾದರೆ ಕುದಿಯುವ ನೀರೇ ಸಾಕು.

ನೀರು ಸೇರಿಸಬೇಡಿ, ವೈನ್ ತೆಳುವಾಗುತ್ತದೆ. ಬಣ್ಣ ಬಳಿಯದ ಗಾಜಿನ ಗೋಲಿಗಳನ್ನು ಕುದಿಸಿ ಆರಿಸಿ ಒಂದೊಂದಾಗಿ ಒಳಬಿಡಿ, ಬಾಟಲಿಯನ್ನು ಓರೆ ಹಿಡಿದು, ಇಲ್ಲದಿದ್ದರೆ ತಳ ಒಡೆದೀತು. 16 ಮಿ.ಮೀ. ಗೋಲಿ 100 ಹಾಕಿದರೆ ಮಟ್ಟ 210 ಮಿ.ಲೀ.ನಷ್ಟು ಏರುತ್ತದೆ.

ಪಾತ್ರೆಬೀದಿ:
ಬಾಟಲಿಯನ್ನು ತುಂಬುವ ಮೊದಲೇ ಎರಡೂವರೆ ಅಡಿ ಎತ್ತರದ ಗಟ್ಟಿ ಸ್ಟೂಲಿನ ಮೇಲಿಟ್ಟು, ಅಲ್ಲೇ ತುಂಬಿ. ಮುಂದೆ ಟ್ಯೂಬು ಹಾಕಿ ಬಗ್ಗಿಸುವ ದಿನ ಎತ್ತಿ ಇಡಲು ಹೋದರೆ ತಳದ ಗಷ್ಟು ಎಲ್ಲ ಕದಡಿ, ಮತ್ತೆ ತಿಳಿಯಾಗಲು ವಾರ ಕಾಯಬೇಕಾಗುತ್ತದೆ. ಟ್ಯೂಬಿನ ತುದಿ ಗಷ್ಟಿಗಿಂತ 2–3 ಸೆಂ.ಮೀ. ಮೇಲಿರಲಿ.

ಬಳ್ಳಿಮನೆ:
ಸರಿ. ಸ್ಟೀಲ್ ಡಬ್ಬ, ಎರಡು ಮಡಿಕೆ ಪಂಚೆ, 5 ಲೀಟರ್ ಗಾಜು, ಏರ್‌ಲಾಕ್ ತರಿಸುತ್ತೇನೆ. ದ್ರಾಕ್ಷಿ ಶನಿವಾರ ಬರುತ್ತದೆ.

ಕಾಫಿತೋಟ:
ಶುಕ್ರವಾರವೇ ಡಬ್ಬಕ್ಕೆ ಅಳೆದು 6.4 ಲೀಟರ್ ನೀರು ಹುಯ್ದು, ಹೊರಗಿನಿಂದ ಆ ಮಟ್ಟಕ್ಕೆ ಟೇಪ್ ಅಂಟಿಸಿಕೊಳ್ಳಿ. ಶನಿವಾರ ಕೈಯೆಲ್ಲ ದ್ರಾಕ್ಷಿಯಾದ ಮೇಲೆ ಅಳತೆ ನೋಡಲು ಆಗುವುದಿಲ್ಲ.